ಚಳಿಗಾಲದಲ್ಲಿ ದೇಹಬಲವನ್ನು ಕಾಪಾಡಿಕೊಳ್ಳುವ ಬಗೆ

(ಸಂಕ್ರಮಣ ಜಾತ್ರೆಯ ಮೊದಲನೆಯ ದಿನದ ಧರ್ಮಸಭೆಯಲ್ಲಿ ದೇವಸ್ಥಾನದ ವಿಶ್ವಸ್ತರೊಬ್ಬರು ಮಾಡಿದ ಭಾಷಣದ ಬರಹರೂಪ)

 

ನಾನು ಭಾಷಣಕಾರನಲ್ಲ. ಬೆಳಗಾದರೆ ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಹಿಡಿಯುವವನು. ಆಗಿನ ಬಿಜಾಪುರದಲ್ಲಿ ಸೋದರಮಾವನ ಮನೆಯಲ್ಲಿದ್ದು ಎಸ್.ಎಸ್.ಎಲ್.ಸಿ. ಮುಗಿಸಿ, ತಿರುಗಿ ನಮ್ಮ ಅಕ್ಕಲಕೋಟೆ ತಾಲೂಕಿಗೆ ಬಂದು ತಂದೆಯವರ ಅಂಗಡಿಯಲ್ಲಿ ಕುಳಿತವನು. ಚಳಿಗಾಲದ ಆರೋಗ್ಯದ ಬಗ್ಗೆ ಎರಡು ಮಾತು ಹೇಳಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದಾಗ, ಇದನ್ನು ಡಾಕ್ಟರರು ಹೇಳಿದರೆ ಚೆನ್ನ ಎಂದು ನಾನು ಹಿಂಜರಿದೆ. ಆದರೆ ಈ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಈ ಸಭೆಯ ಮುಂದೆ ಒಪ್ಪಿಕೊಳ್ಳಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು. ಆದ್ದರಿಂದ ನಿಂತಿದ್ದೇನೆ. ಡಾಕ್ಟರರಿಂದ ಕೇಳಿ ತಿಳಿದದ್ದನ್ನು ನನ್ನ ಮಾತಿನಲ್ಲಿ ತಮ್ಮ ಮುಂದೆ ಇಡುತ್ತೇನೆ.

2020ನೆಯ ಇಸವಿಯನ್ನು ಯಾರೂ ಮರೆತಿಲ್ಲ. ಗುಡಿಯ ಬಾಗಿಲು ಮುಚ್ಚಿತ್ತು. 2021ರ ಸಂಕ್ರಮಣದಲ್ಲಿ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಯೇ ನಿರ್ಬಂಧಗಳ ನಡುವೆ ನಡೆಯಿತು. ಆ ದಿನಗಳಲ್ಲಿ ನನ್ನ ಅಂಗಡಿಯಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಕಷಾಯದ ಪುಡಿ. ಪುಡಿಕೆಯ ಮೇಲೆ "ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ" ಎಂದು ಅಚ್ಚಾಗಿತ್ತು. ಚೀಲಗಟ್ಟಲೆ ತರಿಸಿದೆ, ಮಾರಿದೆ, ಲಾಭವೂ ಆಯಿತು. ಕೊಳ್ಳುವವರು "ಸಾಹುಕಾರ್ರೇ, ಇದರಿಂದ ಗುಣ ಬರತದೇನ್ರೀ?" ಎಂದು ಕೇಳಿದರೆ "ಬಂದೇ ಬರತದ" ಎಂದು ಹೇಳಿದ್ದೇನೆ. ಮಾರಿ ಮಾರಿ ನಾನೂ ಅದನ್ನು ನಂಬಿಬಿಟ್ಟೆ.

2022ರ ಡಿಸೆಂಬರಿನಲ್ಲಿ ಎಳ್ಳಮಾಸಿ ಬಂತು. ಪದ್ಧತಿಯಂತೆ ಮನೆಮಂದಿ ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬಜ್ಜಿ, ಅಂಬಲಿ, ಸಜ್ಜಿ ಕಡಬು ಉಂಡು ಬಂದೆವು. ಮರುದಿನ ನಮ್ಮ ಅವ್ವನಿಗೆ ನೆಗಡಿ ಹಿಡಿಯಿತು, ಹಿಂದೆಯೇ ಕೆಮ್ಮು. ನಾನು ಅಂಗಡಿಯ ಅದೇ ಪುಡಿಯನ್ನು ದಿನಕ್ಕೆ ಮೂರು ಸಲ ಕುದಿಸಿ ಕೊಟ್ಟೆ. ನಾಲ್ಕನೆಯ ದಿನ ಅವ್ವ "ದಮ್ಮ ಹತ್ತಲಾಕತ್ತದ" ಅಂದಳು. ವಯಸ್ಸಾಯಿತು, ಚಳಿ ಬೇರೆ ಎಂದು ಸಮಾಧಾನ ಹೇಳಿದೆ. ಆರನೆಯ ದಿನ ಊಟ ಬಿಟ್ಟಳು. ಏಳನೆಯ ದಿನ ತೀರಿಹೋದ ನಮ್ಮ ಅಪ್ಪನನ್ನು ಹೆಸರು ಹಿಡಿದು ಕರೆಯತೊಡಗಿದಳು. ಜ್ವರ ಮಾತ್ರ ಹೇಳಿಕೊಳ್ಳುವಷ್ಟು ಇರಲಿಲ್ಲ. ಅದೇ ನನ್ನನ್ನು ಮೋಸಗೊಳಿಸಿತು. ಆ ದಿನ ಮನೆಗೆ ಬಂದಿದ್ದ ನನ್ನ ತಮ್ಮನ ಸೊಸೆ, ನರ್ಸಿಂಗ್ ಓದಿದವಳು, ಗಡಿಯಾರ ಹಿಡಿದು ಅವ್ವನ ಉಸಿರು ಎಣಿಸಿದಳು. ಒಂದು ನಿಮಿಷಕ್ಕೆ 34. ದೊಡ್ಡವರ ಉಸಿರು ನಿಮಿಷಕ್ಕೆ 12ರಿಂದ 20 ಇರಬೇಕು. "ಮಾವಾ, ಈಗಿಂದೀಗ ಸೊಲ್ಲಾಪುರಕ್ಕ ಹೋಗೂಣು" ಅಂದಳು.

ಹೋದೆವು. ನ್ಯುಮೋನಿಯಾ ಆಗಿತ್ತು. ಅದರ ಮೇಲೆ, ನಮಗಾರಿಗೂ ಗೊತ್ತಿಲ್ಲದ ಸಕ್ಕರೆ ಕಾಯಿಲೆ. ಡಾಕ್ಟರರು "ಎಷ್ಟು ದಿನದಿಂದ?" ಎಂದು ಕೇಳಿದರು. ಏಳು ದಿನ ಅಂದೆ. "ಇಷ್ಟು ದಿನ ಏನು ಮಾಡಿದಿರಿ?" ಅಂದರು. ಬೈಯಲಿಲ್ಲ, ಕೇಳಿದರು ಅಷ್ಟೆ. ಕಷಾಯ ಕೊಟ್ಟೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಹನ್ನೊಂದು ದಿನ ಅಲ್ಲಿದ್ದೆವು. ಶಿವನ ದಯೆ, ಡಾಕ್ಟರರ ಶ್ರಮ, ಆ ಮಗಳ ಬುದ್ಧಿ, ಈ ಮೂರರಿಂದ ಅವ್ವ ಉಳಿದಳು. ಅಗೋ, ಆ ಕಂಬದ ಹತ್ತಿರ ಕುರ್ಚಿಯ ಮೇಲೆ ಕೂತಿದ್ದಾಳೆ. ಆದರೆ ಮೊದಲು ಬರಿಗಾಲಲ್ಲಿ ಗುಡಿ ಸುತ್ತುತ್ತಿದ್ದವಳು ಈಗ ಕೈ ಹಿಡಿಯದೆ ಹೆಜ್ಜೆ ಇಡಲಾರಳು. ಮೂರು ದಿನ ಮೊದಲು ಕರೆದುಕೊಂಡು ಹೋಗಿದ್ದರೆ ಹೀಗಾಗುತ್ತಿರಲಿಲ್ಲವೇನೋ ಎಂಬುದು ನನ್ನ ಎದೆಯಲ್ಲಿ ಉಳಿದಿದೆ. ಅವ್ವ ಒಂದು ದಿನವೂ ನನ್ನನ್ನು ದೂರಿಲ್ಲ. ಈಗಲೂ ಕೆಮ್ಮು ಬಂದರೆ "ಕಷಾಯ ಮಾಡು" ಅನ್ನುತ್ತಾಳೆ. ಮಾಡಿಕೊಡುತ್ತೇನೆ, ಆದರೆ ಜೊತೆಗೆ ಉಸಿರನ್ನೂ ಎಣಿಸುತ್ತೇನೆ.

ಇನ್ನು ವಿಷಯಕ್ಕೆ ಬರುತ್ತೇನೆ. ರೋಗನಿರೋಧಕ ಶಕ್ತಿ ಎಂದರೇನು? ರೈತಾಪಿ ಜನರಾದ ನಮಗೆ ನಮ್ಮ ಹೊಲದ ಉದಾಹರಣೆಯೇ ಸಾಕು. ಈಗ ಮಾಲದಂಡಿ ಜೋಳ ತೆನೆ ಕಟ್ಟುವ ಕಾಲ. ಮಂಚಿಗೆಯ ಮೇಲೆ ಒಬ್ಬ ಕವಣೆ ಹಿಡಿದು ನಿಂತಿರುತ್ತಾನೆ. ಅವನು ಉಪವಾಸವಿದ್ದರೆ, ನಿದ್ದೆಗೆಟ್ಟು ತೂಕಡಿಸಿದರೆ, ಹಕ್ಕಿಗಳು ತೆನೆಯನ್ನು ಖಾಲಿ ಮಾಡುತ್ತವೆ. ಹಾಗೆಂದು ಅವನು ತಲೆಕೆಟ್ಟವನಂತೆ ಕಲ್ಲು ಬೀಸುತ್ತಲೇ ಇದ್ದರೆ ನಮ್ಮ ತೆನೆಗಳೇ ಮುರಿದು ಬೀಳುತ್ತವೆ. ದೇಹದ ಕಾವಲೂ ಹೀಗೆಯೇ. ಅದು ಅತಿಯಾದರೂ ರೋಗವೇ. ಕೆಲವು ತರದ ಸಂಧಿವಾತ, ಅಲರ್ಜಿಯ ದಮ್ಮು ಅಂಥವು. ಆದ್ದರಿಂದ ಶಕ್ತಿಯನ್ನು ಒಂದೇ ಸಲಕ್ಕೆ ಹೆಚ್ಚಿಸುವ ಪುಡಿ, ಗುಳಿಗೆ ಎಂಬುದು ಇಲ್ಲ. ಕಾವಲುಗಾರನಿಗೆ ಹೊತ್ತಿಗೆ ಅನ್ನ, ನಿದ್ರೆ ಕೊಡಬೇಕು, ಕಳ್ಳರ ಗುರುತು ಮೊದಲೇ ಹೇಳಿಕೊಡಬೇಕು. ಇಷ್ಟೇ ನಮ್ಮ ಕೈಯಲ್ಲಿರುವುದು.

ಚಳಿಗಾಲದಲ್ಲಿ ನೆಗಡಿ, ಜ್ವರ ಹೆಚ್ಚುವುದೇಕೆ? ಬರಿಯ ತಣ್ಣನೆಯ ಗಾಳಿಯಿಂದ ರೋಗ ಹುಟ್ಟುವುದಿಲ್ಲ. ರೋಗ ತರುವುದು ವೈರಾಣು. ಆದರೆ ಒಣ ಹವೆಯಲ್ಲಿ ಮೂಗು, ಗಂಟಲು ಒಣಗಿ ಅಲ್ಲಿಯ ತಡೆ ಸಡಿಲಾಗುತ್ತದೆ. ಬಾಗಿಲು, ಕಿಟಕಿ ಮುಚ್ಚಿಕೊಂಡು ಹತ್ತು ಜನ ಒಂದೇ ಕೋಣೆಯಲ್ಲಿ ಮಲಗುತ್ತೇವೆ; ಒಬ್ಬನ ಉಸಿರು ಇನ್ನೊಬ್ಬನಿಗೆ. ನಮ್ಮ ದೇಶದಲ್ಲಿ ಫ್ಲೂ ಜ್ವರ ವರ್ಷಕ್ಕೆ ಎರಡು ಸಲ ಏಳುತ್ತದೆ: ಮಳೆಗಾಲದಲ್ಲಿ ಒಮ್ಮೆ, ಜನವರಿಯಿಂದ ಮಾರ್ಚಿಯವರೆಗೆ ಇನ್ನೊಮ್ಮೆ. ಎರಡನೆಯದು ಸರಿಯಾಗಿ ನಮ್ಮ ಜಾತ್ರೆಗಳ ಕಾಲ. ಇದನ್ನು ಸಾಮಾನ್ಯವೆಂದು ತಿಳಿಯಬಾರದು. 1918ರಲ್ಲಿ ಮುಂಬಯಿ ಬಂದರಿನಿಂದ ಒಳನಾಡಿಗೆ ಹಬ್ಬಿದ ಇದೇ ಜಾತಿಯ ಜ್ವರದಲ್ಲಿ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ತೀರಿಕೊಂಡರು. 2009ರಲ್ಲಿ ಪುಣೆಯಲ್ಲಿ ಹಂದಿಜ್ವರ ಬಂದಾಗ ಊರಿಗೆ ಊರೇ ಹೆದರಿದ್ದನ್ನು ನಾವೇ ಕಂಡಿದ್ದೇವೆ.

ಮೊದಲನೆಯದು ಊಟ. ಈ ವಿಷಯದಲ್ಲಿ ನಮ್ಮ ಹಿರಿಯರು ಜಾಣರು. ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಗಜ್ಜರಿ, ಬದನೆಕಾಯಿ, ಅವರೆ, ಹಸಿ ಕಡಲೆ ಕೂಡಿಸಿದ ಭೋಗಿ ಪಲ್ಯ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಮರುದಿನ ಎಳ್ಳು, ಬೆಲ್ಲ. ಇದಕ್ಕಿಂತ ಒಳ್ಳೆಯ ಚಳಿಗಾಲದ ಊಟವನ್ನು ಯಾರೂ ಬರೆದುಕೊಡಲಾರರು. 100 ಗ್ರಾಂ ಸಜ್ಜೆಯಲ್ಲಿ ಸುಮಾರು 6 ಮಿಲಿಗ್ರಾಂ ಕಬ್ಬಿಣದ ಅಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 1 ಮಿಲಿಗ್ರಾಂ ಕೂಡ ಇಲ್ಲ. ಶೇಂಗಾದಲ್ಲಿ 100 ಗ್ರಾಂಗೆ ಸುಮಾರು 24 ಗ್ರಾಂ ಪ್ರೋಟೀನು. ಸಿಪ್ಪೆ ತೆಗೆಯದ ಎಳ್ಳಿನಲ್ಲಿ 1000 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶ, ಜೊತೆಗೆ ಸತುವು. ಕಾವಲಿನ ಜೀವಕೋಶಗಳು ಬೆಳೆಯುವುದೇ ಪ್ರೋಟೀನು, ಕಬ್ಬಿಣ, ಸತುವುಗಳಿಂದ.

ಆದರೆ ನಮ್ಮ ತಪ್ಪೇನೆಂದರೆ, ಇದನ್ನು ಹಬ್ಬದ ಒಂದು ದಿನ ಉಂಡು ಉಳಿದ ದಿನ ಬರಿಯ ಅನ್ನ, ತಿಳಿಸಾರು, ಚಹಾ, ಬಿಸ್ಕೀಟಿನ ಮೇಲೆ ಇರುತ್ತೇವೆ. ಅದರಲ್ಲೂ ತಾಯಂದಿರು ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುತ್ತಾರೆ. ಅವರ ಮೈಯಲ್ಲಿ ರಕ್ತವಿಲ್ಲದಿದ್ದರೆ ಮನೆಯ ಕಾವಲೇ ಸಡಿಲಾದಂತೆ. ಚಳಿಗಾಲ ಪೂರ್ತಿ ವಾರಕ್ಕೆ ಮೂರು ನಾಲ್ಕು ದಿನವಾದರೂ ಸಜ್ಜಿ ಅಥವಾ ಜೋಳದ ರೊಟ್ಟಿ, ಒಂದು ಕಾಳು, ಒಂದು ಸೊಪ್ಪಿನ ಪಲ್ಯ ಇರಲಿ. ಊಟದ ಜೊತೆಗೆ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ, ಇಲ್ಲವೆ ಒಂದು ಪೇರಲ ಹಣ್ಣು ತಿಂದರೆ, ಆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಹತ್ತುವುದಿಲ್ಲ. ಒಂದು ತಾಸು ತಡೆಯಿರಿ. ಪೇರಲ ಹಣ್ಣಿನಲ್ಲಿ 100 ಗ್ರಾಂಗೆ 200 ಮಿಲಿಗ್ರಾಂ ಆಸುಪಾಸು ಸಿ ಜೀವಸತ್ವ ಇದೆ. ಕಿತ್ತಳೆಯಲ್ಲಿ ಅದರ ಕಾಲುಭಾಗದಷ್ಟು. ದುಬಾರಿ ಹಣ್ಣು, ದುಬಾರಿ ಗುಳಿಗೆ ಬೇಕಿಲ್ಲ. ಸಿ ಜೀವಸತ್ವದ ಗುಳಿಗೆ ನುಂಗಿದರೆ ನೆಗಡಿ ಬರುವುದೇ ಇಲ್ಲ ಎಂಬುದು ನಿಜವಲ್ಲ.

ಅಂಗಡಿಯವನಾಗಿ ಒಂದು ಗುಟ್ಟು ಹೇಳುತ್ತೇನೆ. ಅರಿಶಿಣ ಹಾಕಿದ ಬಿಸಿ ಹಾಲು ಗಂಟಲಿಗೆ ಹಿತ, ಕುಡಿಯಿರಿ. ಆದರೆ ಕಣ್ಣು ಕುಕ್ಕುವ ಹಳದಿಯ ಬಿಡಿ ಅರಿಶಿಣ ಪುಡಿಯನ್ನು ಕೊಳ್ಳಬೇಡಿ. ಬಣ್ಣಕ್ಕಾಗಿ ಸೀಸ ಸೇರಿದ ವಿಷದ ಬಣ್ಣ ಬೆರೆಸುವವರು ಇದ್ದಾರೆ. ಅದು ಮಕ್ಕಳ ಬುದ್ಧಿಗೆ ಹಾನಿ. ನಮಗೆ ಸಾಂಗಲಿ ಪೇಟೆ ಹತ್ತಿರವಿದೆ. ಅತಿಯಾದ ಹೊಳಪಿಲ್ಲದ ಕೊಂಬು ತಂದು, ಒಣಗಿಸಿ, ಗಿರಣಿಯಲ್ಲಿ ಬೀಸಿಸಿಕೊಳ್ಳಿ. ನನ್ನ ಲಾಭ ನಾಲ್ಕು ರೂಪಾಯಿ ಕಡಿಮೆಯಾದರೂ ಚಿಂತೆಯಿಲ್ಲ.

ಕಷಾಯದ ಮಾತು. ಶುಂಠಿ, ಮೆಣಸು, ತುಳಸಿ ಹಾಕಿದ ಬಿಸಿ ಕಷಾಯ ಗಂಟಲಿಗೆ ಆರಾಮ ಕೊಡುತ್ತದೆ. ಕೆಮ್ಮಿಗೆ ಒಂದು ಚಮಚ ಜೇನುತುಪ್ಪವೂ ಒಳ್ಳೆಯದೇ. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ನೆಕ್ಕಿಸಲೇಬಾರದು. ಆದರೆ ಕಷಾಯ ನ್ಯುಮೋನಿಯಾವನ್ನು ತಡೆಯುವುದಿಲ್ಲ, ವಾಸಿಯನ್ನೂ ಮಾಡುವುದಿಲ್ಲ. ಅತಿಯಾದರೆ ಹೊಟ್ಟೆ ಉರಿ. ಜ್ಯೇಷ್ಠಮಧು ದಿನಾ ಹೆಚ್ಚು ತೆಗೆದುಕೊಂಡರೆ ರಕ್ತದೊತ್ತಡ ಏರುತ್ತದೆ. ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಕುಡಿದ ಆರು ರೋಗಿಗಳ ಯಕೃತ್ತಿಗೆ ಧಕ್ಕೆಯಾದದ್ದನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆಯುಷ್ ಮಂತ್ರಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಯಾವುದನ್ನೂ ಕುಡಿಯಬಾರದು ಎಂಬಷ್ಟು ಬುದ್ಧಿ ನಮಗಿರಲಿ. ಸಕ್ಕರೆ ಕಾಯಿಲೆಯವರು ಚ್ಯವನಪ್ರಾಶವನ್ನು ಔಷಧಿಯೆಂದು ಚಮಚಗಟ್ಟಲೆ ತಿನ್ನಬೇಡಿ. ಅದರಲ್ಲಿ ಸಕ್ಕರೆ ಬಹಳ.

ಎರಡನೆಯದು ನಿದ್ರೆ ಮತ್ತು ಬಿಸಿಲು. 2015ರಲ್ಲಿ ಅಮೆರಿಕದ ಸಂಶೋಧಕರು, ಒಪ್ಪಿ ಮುಂದೆ ಬಂದವರ ಮೂಗಿಗೆ ನೆಗಡಿಯ ವೈರಾಣು ಬಿಟ್ಟು ನೋಡಿದರು. ಆರು ತಾಸಿಗಿಂತ ಕಡಿಮೆ ಮಲಗುವವರಿಗೆ, ಏಳು ತಾಸಿನ ಮೇಲೆ ಮಲಗುವವರಿಗಿಂತ ನೆಗಡಿ ಬಹಳ ಹೆಚ್ಚಾಗಿ ಹಿಡಿಯಿತು. ನಂದಿಕೋಲು ಹೊರುವ ನಮ್ಮ ಹುಡುಗರಿಗೆ ಈ ಮಾತು ವಿಶೇಷವಾಗಿ ಹೇಳುತ್ತೇನೆ. ಮೂರು ರಾತ್ರಿ ಜಾಗರಣೆ, ಹಗಲು ಬರಿಯ ಚಹಾ, ಜಾತ್ರೆ ಮುಗಿದ ಮೇಲೆ ಹಾಸಿಗೆ. ಪ್ರತಿ ವರ್ಷ ಇದೇ ಕತೆ. ಪಾಳಿಯಂತೆ ಹೊರಿರಿ, ಪಾಳಿಯಂತೆ ಮಲಗಿರಿ. ಸೇವೆ ಮಾಡುವ ದೇಹವನ್ನು ನೋಡಿಕೊಳ್ಳುವುದೂ ಸೇವೆಯೇ.

ಬಿಸಿಲಿನಿಂದ ನಮ್ಮ ಚರ್ಮ ಡಿ ಜೀವಸತ್ವ ಮಾಡಿಕೊಳ್ಳುತ್ತದೆ. ಬೆಳಗಿನ ಎಳೆ ಬಿಸಿಲು ಮೈಗೆ ಹಿತ, ಆದರೆ ಈ ಕೆಲಸಕ್ಕೆ ಅದು ಸಾಲದು. ಹನ್ನೊಂದರಿಂದ ಒಂದು ಗಂಟೆಯ ನಡುವೆ ಹದಿನೈದು ಇಪ್ಪತ್ತು ನಿಮಿಷ ಕೈ, ಮುಖಕ್ಕೆ ಬಿಸಿಲು ತಾಗಲಿ. ಗಾಜಿನ ಕಿಟಕಿಯ ಹಿಂದೆ ಕೂತರೆ ಫಲವಿಲ್ಲ. ದಿನವಿಡೀ ಒಳಗೆ ಕೂತು ಬೀಡಿ ಕಟ್ಟುವ, ಮಗ್ಗದ ಮುಂದೆ ಕೂಡುವ ಅಕ್ಕತಂಗಿಯರು ಮಧ್ಯಾಹ್ನ ಅಂಗಳಕ್ಕೆ ಬನ್ನಿ. ಬೀಡಿ ಕಟ್ಟಿದ ಕೈಯನ್ನು ಸಾಬೂನು ಹಚ್ಚಿ ತೊಳೆದೇ ಅಡಿಗೆಗೆ ಕೂಡಿರಿ.

ಮೂರನೆಯದು ಹೊಗೆ, ತಂಬಾಕು. ಬೀಡಿ, ಸಿಗರೇಟು ಸೇದಿದವರ ಪುಪ್ಪುಸದ ಒಳಗಿನ ಕಾವಲು ಸತ್ತುಹೋಗುತ್ತದೆ. ಹಲ್ಲಿಗೆ ಮಿಶ್ರಿ ತಿಕ್ಕುವ ಚಟ ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ಬಹಳ. ಅದೂ ತಂಬಾಕೇ; ಬಾಯಿಯ ಹುಣ್ಣಿಗೆ, ಕ್ಯಾನ್ಸರಿಗೆ ದಾರಿ. ನನ್ನ ಅಂಗಡಿಯಲ್ಲಿ ಮಿಶ್ರಿ ಮಾರುವುದನ್ನು ಬಿಟ್ಟಿದ್ದೇನೆ. ಕೆಲವು ಗಿರಾಕಿಗಳು ಬೇರೆ ಅಂಗಡಿಗೆ ಹೋದರು, ಹೋಗಲಿ. ಇನ್ನೊಂದು ಎಚ್ಚರಿಕೆ: ಚಳಿಯೆಂದು ಕೆಂಡದ ಬುಟ್ಟಿಯನ್ನು ಕೋಣೆಯಲ್ಲಿಟ್ಟು ಬಾಗಿಲು ಮುಚ್ಚಿ ಮಲಗಬೇಡಿ. ಅದರ ವಿಷಗಾಳಿಗೆ ವಾಸನೆಯಿಲ್ಲ. ಮಲಗಿದವರು ಮಲಗಿದಲ್ಲೇ ಪ್ರಾಣ ಬಿಡುತ್ತಾರೆ.

ನಾಲ್ಕನೆಯದು ಲಸಿಕೆ. ಕಳ್ಳನ ಗುರುತನ್ನು ಕಾವಲುಗಾರನಿಗೆ ಮೊದಲೇ ತೋರಿಸುವುದೇ ಲಸಿಕೆ. ಮಕ್ಕಳಿಗೆ ನ್ಯುಮೋನಿಯಾ ತಡೆಯುವ ಲಸಿಕೆಯನ್ನು ಸರಕಾರ 2017ರಿಂದ ಹಂತಹಂತವಾಗಿ ಆರಂಭಿಸಿ 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ, ಹೀಗೆ ಮೂರು ಸಲ, ಪುಕ್ಕಟೆ. ಒಂಬತ್ತು ತಿಂಗಳಿಗೆ ಗೋವರದ ಲಸಿಕೆ, ಎ ಜೀವಸತ್ವದ ಹನಿ ಕೂಡ. ಒಂದನ್ನೂ ತಪ್ಪಿಸಬೇಡಿ. ದೊಡ್ಡವರಲ್ಲಿ ವಯಸ್ಸಾದವರು, ಬಸುರಿಯರು, ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ, ದಮ್ಮು ಇದ್ದವರು ವರ್ಷಕ್ಕೊಮ್ಮೆ ಫ್ಲೂ ಲಸಿಕೆಯ ಬಗ್ಗೆ ತಮ್ಮ ಡಾಕ್ಟರರನ್ನು ಕೇಳಬೇಕು. ವೈರಾಣು ವೇಷ ಬದಲಿಸುವುದರಿಂದ ಪ್ರತಿ ವರ್ಷ ಹೊಸದಾಗಿ ಹಾಕಿಸಿಕೊಳ್ಳಬೇಕು. ಅದರ ಬಲ ಬರಲು ಎರಡು ವಾರ ಹಿಡಿಯುತ್ತದೆ. ಇದಕ್ಕೆ ಸಾಮಾನ್ಯವಾಗಿ ನಾವೇ ದುಡ್ಡು ಕೊಡಬೇಕಾಗುತ್ತದೆ. ಜಾತ್ರೆಗೆಂದು ಸೀರೆ ತರುವ ಮಗ, ಒಂದು ವರ್ಷ ಸೀರೆಯ ಬದಲು ತಾಯಿಗೆ ಲಸಿಕೆ ಹಾಕಿಸಲಿ. ನಲವತ್ತು ದಾಟಿದವರೆಲ್ಲ ವರ್ಷಕ್ಕೊಮ್ಮೆ ಸಕ್ಕರೆ, ರಕ್ತದೊತ್ತಡ ನೋಡಿಸಿಕೊಳ್ಳಲಿ. ನಮ್ಮ ಅವ್ವನ ಸಕ್ಕರೆ ಕಾಯಿಲೆ ಗೊತ್ತಿದ್ದರೆ ರೋಗ ಅಷ್ಟು ಬಲಿಯುತ್ತಿರಲಿಲ್ಲ.

ಐದನೆಯದು, ಯಾವಾಗ ಆಸ್ಪತ್ರೆಗೆ ಹೋಗಬೇಕು? ಇದನ್ನು ಮನೆಯ ಗೋಡೆಗೆ ಬರೆದಿಡಿ. ಮಗು ಶಾಂತವಾಗಿರುವಾಗ ಗಡಿಯಾರ ಹಿಡಿದು ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಎರಡು ತಿಂಗಳ ಒಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ, ಇಲ್ಲವೆ ಉಸಿರೆಳೆಯುವಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ಹೊತ್ತು ಕಳೆಯದೆ ಹೊರಡಿ. ದೊಡ್ಡವರಿಗೆ ದಮ್ಮು ಹತ್ತಿದರೆ, ಎದೆ ನೋವು ಬಂದರೆ, ತುಟಿ ನೀಲಿಗಟ್ಟಿದರೆ, ಮಾತು ತೊದಲಿದರೆ ಕಾಯಬೇಡಿ. ಮುದುಕರಿಗೆ ಜ್ವರವಿಲ್ಲದೆಯೂ ನ್ಯುಮೋನಿಯಾ ಬರುತ್ತದೆ. ಊಟ ಬಿಟ್ಟರು, ಗಲಿಬಿಲಿ ಮಾತಾಡಿದರು ಎಂದರೆ ಅದೇ ಲಕ್ಷಣ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಸರಕಾರಿ ದವಾಖಾನೆಯಲ್ಲಿ ಕ್ಷಯದ ಪರೀಕ್ಷೆಯೂ ಔಷಧಿಯೂ ಪುಕ್ಕಟೆ. ಇನ್ನು, ನೆಗಡಿಗೆಲ್ಲ ಆ್ಯಂಟಿಬಯಾಟಿಕ್ ಗುಳಿಗೆ ಕೇಳಬೇಡಿ. ಅದು ವೈರಾಣುವಿನ ಮೇಲೆ ನಡೆಯುವುದಿಲ್ಲ, ನಿಜವಾಗಿ ಬೇಕಾದಾಗ ಕೆಲಸಕ್ಕೂ ಬಾರದಂತಾಗುತ್ತದೆ.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕಿದೆ. ದವಾಖಾನೆಯಲ್ಲಿ ಎಲ್ಲವೂ ಮರಾಠಿ. ನಮಗೆ ಮರಾಠಿ ಬರುತ್ತದೆ, ಮರಾಠಿ ಜನರೊಡನೆ ಅಣ್ಣತಮ್ಮಂದಿರಂತೆ ಬಾಳುತ್ತಿದ್ದೇವೆ. ಆದರೆ ನಮ್ಮ ಮನೆಯ ಮುದುಕಿಯರು ಪೇಟೆಯ ವ್ಯವಹಾರಕ್ಕೆ ಬೇಕಾದಷ್ಟೇ ಮರಾಠಿ ಬಲ್ಲರು. ಎದೆಯೊಳಗಿನ ಸಂಕಟವನ್ನು ಕನ್ನಡದಲ್ಲೇ ಹೇಳಬಲ್ಲರು. ಅವರೊಂದಿಗೆ ಎರಡೂ ಭಾಷೆ ಬಲ್ಲ ಒಬ್ಬರು ಹೋಗಬೇಕು. ಗುಳಿಗೆ ಯಾವಾಗ, ಎಷ್ಟು ಎಂಬುದನ್ನು ಕನ್ನಡದಲ್ಲಿ ಪುಡಿಕೆಯ ಮೇಲೆ ಬರೆದುಕೊಡಬೇಕು. ನಮ್ಮ ಕಾಲೇಜು ಹುಡುಗರು ಈ ಕೆಲಸಕ್ಕೆ ಮುಂದೆ ಬರಲಿ.

ಕೊನೆಯದಾಗಿ ನಮ್ಮ ಗುಡಿಯ ವಿಚಾರ. ದಾಸೋಹದ ಹತ್ತಿರ ನಳಗಳನ್ನು ಹಾಕಿಸಿ ಸಾಬೂನು ಇಟ್ಟಿದ್ದೇವೆ. ತೀರ್ಥವನ್ನು ಅಂಗೈಗೆ ತಾಗದಂತೆ ಎತ್ತರದಿಂದ ಬಿಡಬೇಕೆಂದು ಅರ್ಚಕರಿಗೆ ವಿನಂತಿಸಿದ್ದೇವೆ. ಕೆಮ್ಮು, ಜ್ವರ ಇದ್ದವರು ಗರ್ಭಗುಡಿಯ ನೂಕುನುಗ್ಗಲಿಗೆ ಬರದೆ ಬಯಲಿನ ಪೆಂಡಾಲಿನಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂಡಬೇಕು. ಪ್ರಸಾದ ಅಲ್ಲಿಗೇ, ಇಲ್ಲವೆ ಮನೆಗೇ ಬರುತ್ತದೆ. ಇದರ ಮೇಲೆ ಕೆಲವು ಹಿರಿಯರಿಗೆ ಸಿಟ್ಟಾಗಿದೆ. "ದೇವರ ಹತ್ತಿರ ಎಂಥಾ ರೋಗ?" ಎನ್ನುತ್ತಾರೆ. ಅವರ ಭಕ್ತಿಗೆ ನಾನು ತಲೆಬಾಗುತ್ತೇನೆ. ಆದರೆ ಒಂದು ಮಾತು ವಿಚಾರ ಮಾಡಿರಿ. ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮರು ಸೊನ್ನಲಿಗೆಯಲ್ಲಿ ಗುಡಿ ಕಟ್ಟಿಸಿದ್ದು ಮಾತ್ರವಲ್ಲ, ಜನರಿಗೆ ನೀರಾಗಲೆಂದು ಕೆರೆಯನ್ನೂ ಕಟ್ಟಿಸಿದರು. ನೀರು, ನೆರಳು, ಆರೋಗ್ಯ ನೋಡುವುದು ದೇವರ ಕೆಲಸದಿಂದ ಹೊರಗಿನದು ಎಂದು ಅವರು ತಿಳಿಯಲಿಲ್ಲ. ಅವರ ಹೆಸರಿನಲ್ಲಿ ಜಾತ್ರೆ ಮಾಡುವ ನಾವು ಹಾಗೆ ತಿಳಿಯಬಹುದೇ? ನನ್ನ ಕೆಮ್ಮಿನಿಂದ ಪಕ್ಕದಲ್ಲಿ ನಿಂತ ಎಂಬತ್ತು ವರ್ಷದ ತಾಯಿ ಹಾಸಿಗೆ ಹಿಡಿದರೆ ಆ ದರ್ಶನದ ಪುಣ್ಯ ಎಲ್ಲಿ ಉಳಿಯಿತು?

ಈಗಲೂ ನನ್ನ ಅಂಗಡಿಯಲ್ಲಿ ಕಷಾಯದ ಪುಡಿ ಇದೆ. ಯಾರಾದರೂ ಕೇಳಿದರೆ ಕೊಡುತ್ತೇನೆ. ಆದರೆ ತಕ್ಕಡಿ ಎತ್ತುವ ಮೊದಲು ಮೂರು ಪ್ರಶ್ನೆ ಕೇಳುತ್ತೇನೆ: ಯಾರಿಗೆ ಕೆಮ್ಮು? ಎಷ್ಟು ದಿನ ಆಯಿತು? ದಮ್ಮು ಹತ್ತುತ್ತದೆಯೇ? ಹೌದು ಎಂದರೆ ಪುಡಿ ಕೊಡುವುದಿಲ್ಲ. ಮೊದಲು ದವಾಖಾನೆಗೆ ಹೋಗಿ ಎನ್ನುತ್ತೇನೆ. ಗಲ್ಲೆಯಲ್ಲಿ ಬಾಡಿಗೆಗೆ ದುಡ್ಡಿಲ್ಲದವರಿಗೆಂದು ಸ್ವಲ್ಪ ತೆಗೆದಿಟ್ಟಿರುತ್ತೇನೆ. ಇದು ದಾನವಲ್ಲ, 2020ರ ಲಾಭದ ಸಾಲ ತೀರಿಸುತ್ತಿದ್ದೇನೆ ಅಷ್ಟೆ.

ನಾಳೆ ಭೋಗಿ. ಎಣ್ಣೆ ಹಚ್ಚಿ ಬಿಸಿನೀರು ಎರೆದುಕೊಳ್ಳಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಉಣ್ಣಿರಿ, ಮನೆಯ ಹಿರಿಯರ ಹತ್ತಿರ ಎರಡು ನಿಮಿಷ ಕೂತು ಅವರ ಉಸಿರನ್ನೂ ಎಣಿಸಿರಿ. ಶ್ರೀ ಸಿದ್ಧರಾಮೇಶ್ವರನು ಎಲ್ಲರಿಗೂ ಆಯುರಾರೋಗ್ಯ ಕೊಟ್ಟು ಬರುವ ಜಾತ್ರೆಗೂ ಇದೇ ಬಯಲಿನಲ್ಲಿ ಒಬ್ಬರೂ ಕಡಿಮೆಯಾಗದಂತೆ ಕೂಡಿಸಲಿ ಎಂದು ಬೇಡಿಕೊಂಡು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕೆಂದು ವಿನಂತಿಸಿ ನನ್ನ ಎರಡು ಮಾತು ಮುಗಿಸುತ್ತೇನೆ.